ಮರಕ್ಕೆ ಕಟ್ಟಿದ ಚೂರುಬಟ್ಟೆ

ಹಾವು ಕಪ್ಪೆಯನ್ನು ಹಿಂಗಾಲಿನ ಕಡೆಯಿಂದ ನುಂಗಲು ಶುರು ಮಾಡಿತ್ತು. ಕಪ್ಪೆ ಇನ್ನೂ ಬದುಕಿತ್ತು. ಮುಂಗಾಲುಗಳಿಂದ ಕೆಸರನ್ನು ಅವುಚಿ ಹಿಡಿದು, ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಹಾವಿಗೆ ಯಾವ ಆತುರವೂ ಇರಲಿಲ್ಲ. ಒಂದಿಷ್ಟು ನುಂಗುವುದು, ಸುಧಾರಿಸಿಕೊಳ್ಳುವುದು, ಮತ್ತೊಂದಿಷ್ಟು ನುಂಗುವುದು.

"ಯಾಕೆ ಕಾಲಿಂದ ತಿಂತಿದೆ?" ಎಂದ ಯಾಕಪ್ಪ. ಐದು ವರ್ಷದ ಆ ಹುಡುಗನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಬೆಳಗೆದ್ದರೆ ಯಾಕೆ, ಮಲಗುವಾಗ ಯಾಕೆ ಎನ್ನುವ ಅವನಿಗೆ ಬೀದಿಯವರು ಇಟ್ಟದ್ದು ಇದು.

"ಸಿಕ್ಕಿದ್ದು ಕಾಲು, ಅದಕ್ಕೆ" ಎಂದಳು ದೊಡ್ಡಕ್ಕ.

"ಕಪ್ಪೆ ಯಾಕೆ ವಾಪಸ್ ಕಚ್ಚಲ್ಲ?"

"ಹಲ್ಲಿಲ್ಲ ಕಣೋ ಪೆದ್ದ" ಎಂದಳು ದೊಡ್ಡಕ್ಕನ ಮಗಳು ಮೆಣಸು. ಅವಳಿಗೆ ಆರು. ಆ ಒಂದು ವರ್ಷದ ಹಿರಿತನವನ್ನು ಅವಳು ಯಾವತ್ತೂ ಬಿಟ್ಟುಕೊಟ್ಟವಳಲ್ಲ.

ಯಾಕಪ್ಪನ ತಾಯಿ ಸೂಜಿ ಮುಖ ತಿರುಗಿಸಿ ನಿಂತಿದ್ದಳು. "ಓಡಿಸು ಅಕ್ಕ ಅದನ್ನ. ಕೇಳಕ್ಕಾಗ್ತಿಲ್ಲ."

"ಓಡಿಸಿದ್ರೆ ಹಾವು ಉಪವಾಸ. ಅದಕ್ಕೂ ಹೊಟ್ಟೆ ಇದೆ. ನೋಡ್ಲಿ ಬಿಡೇ ಮಕ್ಕಳು."

"ನಿನಗೇನಮ್ಮ, ದಿನಾ ಕತ್ತರಿಸೋಳು."

"ನಾನು ಒಂದೇ ಏಟಿಗೆ ಮುಗಿಸ್ತೀನಿ. ಹೀಗೆ ಸತಾಯಿಸಲ್ಲ" ಎಂದು ದೊಡ್ಡಕ್ಕ ನಕ್ಕಳು.

ದೊಡ್ಡಕ್ಕನದು ಮಾಂಸದ ಅಂಗಡಿ. ಗಂಡ ತೂಗುತ್ತಿದ್ದ, ಕೊಡುತ್ತಿದ್ದ. ಕೊರಡಿನ ಮುಂದೆ ಕತ್ತಿ ಹಿಡಿದು ನಿಲ್ಲುತ್ತಿದ್ದವಳು ಅವಳೇ. ಯಾವ ಕೀಲು ಎಲ್ಲಿ ಬಿಡುತ್ತದೆ ಎಂದು ಕಣ್ಣು ಮುಚ್ಚಿಯೂ ಹೇಳಬಲ್ಲವಳು. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಎದುರುಗಡೆ ಒಂದೇ ಕೋಣೆಯ ಮನೆಗೆ ಹಿಂದಿನ ರಾತ್ರಿಯಷ್ಟೇ ಬಂದಿದ್ದ ಹೆಂಗಸು ಅಂಗಡಿಯ ಮುಂದೆ ನಿಂತು, ಮಾಂಸ ಕೇಳದೆ ಒಂದು ತುಂಡು ಐಸ್ ಕೇಳಿದ್ದಳು. ಸೀರೆಯ ಸೆರಗಿನಡಿ ಮುಚ್ಚಿಕೊಂಡಿದ್ದ ಕೈಯ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಅಚ್ಚೊತ್ತಿದಂತೆ ಮೂಡಿತ್ತು. ದೊಡ್ಡಕ್ಕ ಏನೂ ಕೇಳಲಿಲ್ಲ. ಆ ಕೈಯನ್ನು ಮೊಣಕೈವರೆಗೂ ಐಸ್ ಡಬ್ಬದೊಳಗೆ ಇಳಿಸಿ, ಗಿರಾಕಿಗಳಿಗೆ ಮಾಂಸ ಕಡಿಯುತ್ತಲೇ ಇದ್ದಳು. ಒಂದು ಗಂಟೆ ಹಾಗೆ ನಿಂತಿದ್ದ ಆ ಹೆಂಗಸೇ ಸೂಜಿ. ಹೊಲಿಯುವ ಕೆಲಸ, ಕಡ್ಡಿಯಂಥ ಮೈ, ಎರಡಕ್ಕೂ ಒಪ್ಪುವ ಹೆಸರು.

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕತೆ ಹೊರಬಂದಿತ್ತು. ಗಂಡ ಕಟಿಂಗ್ ಮಾಸ್ಟರ್. ಬೇರೆ ಊರಿನ ದೊಡ್ಡ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು. ಕೈಯಲ್ಲಿ ಕಲೆ ಇತ್ತು, ಅದೇ ಕೈ ಅವಳ ಮೇಲೆ ಏಳುತ್ತಲೂ ಇತ್ತು. ಬಿಟ್ಟು ಬರುವಾಗ ಅವನು ಹೇಳಿದ ಮಾತು ಒಂದೇ: "ನೀನು ಎಲ್ಲಿ ಬೇಕಾದ್ರೂ ಹಾಳಾಗಿ ಹೋಗು. ಹುಡುಗನ್ನ ಮಾತ್ರ ನಾನು ಬಿಡಲ್ಲ."

ದೊಡ್ಡಕ್ಕ ಇದನ್ನೆಲ್ಲ ಕೇಳಿದ್ದಳು, ತಲೆಯಾಡಿಸಿದ್ದಳು. ಆದರೆ ಒಳಗೊಳಗೇ ಅವಳ ಲೆಕ್ಕ ಬೇರೆ ಇತ್ತು. ಇಪ್ಪತ್ತು ವರ್ಷ ಅಂಗಡಿಯ ಕಟ್ಟೆಯ ಮೇಲೆ ನಿಂತು ಬೀದಿಯ ಜಗಳಗಳನ್ನು ನೋಡಿದವಳು ಅವಳು. ಸಂಜೆ ಹೊಡೆದಾಡಿ ಬೆಳಿಗ್ಗೆ ಜೊತೆಯಾಗಿ ಬಂದು ಮಾಂಸ ಕೊಳ್ಳುವ ಗಂಡ ಹೆಂಡಿರನ್ನು ಕಂಡವಳು. ಸೂಜಿ ಹೇಳಿದ್ದರಲ್ಲಿ ಎಂಟಾಣೆ ನಿಜ, ಎಂಟಾಣೆ ಸಂಕಟ ಎಂದುಕೊಂಡಿದ್ದಳು. ಇದನ್ನು ಅವಳು ಸೂಜಿಗೆ ಹೇಳಿರಲಿಲ್ಲ.

ಭಾನುವಾರ ಮಧ್ಯಾಹ್ನ ಎರಡಕ್ಕೆ ಅಂಗಡಿ ಮುಗಿಯುತ್ತಿತ್ತು. ಕೊರಡಿಗೆ ಉಪ್ಪು ತಿಕ್ಕಿ, ಕೈ ಮೂರು ಸಲ ತೊಳೆದು ದೊಡ್ಡಕ್ಕ ಹೊರಟರೆ, ಎದುರು ಮನೆಯಿಂದ ಸೂಜಿ ಇಳಿಯುತ್ತಿದ್ದಳು. ಬಸ್ ನಿಲ್ದಾಣದ ಹಿಂದಿನ ದಾರಿ ಹಿಡಿದರೆ ಅರ್ಧ ಗಂಟೆಯಲ್ಲಿ ಹಳೆಯ ಕಲ್ಲು ಗಣಿ. ಕಲ್ಲು ತೆಗೆಯುವುದು ನಿಂತು ಎಷ್ಟೋ ವರ್ಷವಾಗಿ, ಗುಂಡಿಯಲ್ಲಿ ಮಳೆನೀರು ತುಂಬಿ, ಸುತ್ತ ಮುಳ್ಳುಗಿಡ ಹಬ್ಬಿತ್ತು. ಹಕ್ಕಿ, ಹುಳ, ಮೊಲದ ಹಿಕ್ಕೆ, ಉಡದ ಬಿಲ, ಏನುಂಟು ಏನಿಲ್ಲ. ಬಸ್ ನಿಲ್ದಾಣದಿಂದಲೇ ಶುರುವಾಗಿ ದಾರಿಯುದ್ದಕ್ಕೂ ಮಕ್ಕಳು ಏನಾದರೊಂದು ಕಂಡ ಕಡೆ ಹತ್ತಿರದ ಗಿಡಕ್ಕೆ ಒಂದು ಚೂರುಬಟ್ಟೆ ಕಟ್ಟಬೇಕು, ಮುಂದಿನ ವಾರ ಅಲ್ಲಿಗೇ ಹೋಗಿ ಏನಾಯಿತೆಂದು ನೋಡಬೇಕು. ಗೂಡಿಗೆ ಹಳದಿ, ಬಿಲಕ್ಕೆ ಕೆಂಪು, ಇರುವೆಗೆ ನೀಲಿ. ಬಟ್ಟೆ ಸೂಜಿಯದು. ಗೇಣುದ್ದದ ಚೂರಾದರೂ ಸರಿ, ಅಂಚನ್ನು ಹಲ್ಲಿನ ಕತ್ತರಿಯಲ್ಲಿ ಗರಗಸದಂತೆ ಕತ್ತರಿಸದೆ ಕೊಡುತ್ತಿರಲಿಲ್ಲ ಅವಳು. ನೂಲು ಬಿಟ್ಟುಕೊಂಡು ಜೋತಾಡುವ ಬಟ್ಟೆ ಕಂಡರೆ ಅವಳಿಗೆ ಮೈಯೆಲ್ಲ ಕಡಿತ.

"ಕಸಕ್ಕೆ ಹೋಗೋ ಬಟ್ಟೆಗೆ ಇಷ್ಟು ಶೃಂಗಾರವಾ?" ಎಂದು ದೊಡ್ಡಕ್ಕ ಗೇಲಿ ಮಾಡುತ್ತಿದ್ದಳು.

"ಕಲಿತ ಕೈ ಅಕ್ಕ, ಸುಮ್ನೆ ಇರಲ್ಲ."

ಈಗ ಅದೇ ಗಣಿಯ ನೀರಿನಂಚಿನಲ್ಲಿ, ಕಪ್ಪೆಯ ತಲೆ ಮಾತ್ರ ಹಾವಿನ ಬಾಯಿಂದ ಹೊರಗುಳಿದಿತ್ತು. ಮೆಣಸು ಹಾವಿಗೆ ಯಾವ ಬಣ್ಣ ಎಂದು ಸೂಜಿಯ ಚೀಲದಲ್ಲಿ ಕೈಯಾಡಿಸುತ್ತಿದ್ದಳು. ಆಗ ಹಿಂದಿನಿಂದ ಯಾರೋ, "ನೇರಳೆ ಬಣ್ಣ ಕಟ್ಟು ಪುಟ್ಟಿ, ಚೆನ್ನಾಗಿರುತ್ತೆ" ಎಂದರು.

ಮುಳ್ಳುಗಿಡಗಳ ನಡುವಿನ ದಾರಿಯಲ್ಲಿ ಒಬ್ಬ ಗಂಡಸು ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಚಿದ ತಲೆ, ಹೆಗಲಲ್ಲಿ ಚರ್ಮದ ಚೀಲ. ಅವನ ಎಡಗೈಯಲ್ಲಿ ಏಳೆಂಟು ಚೂರುಬಟ್ಟೆಗಳಿದ್ದವು. ಗಿಡದಿಂದ ಗಿಡಕ್ಕೆ ಬಿಚ್ಚಿಕೊಂಡೇ ಬಂದಿದ್ದ.

ಸೂಜಿಯ ಮುಖದಿಂದ ರಕ್ತ ಇಳಿದುಹೋಯಿತು. ಆ ಬಣ್ಣವನ್ನು ದೊಡ್ಡಕ್ಕ ಸತ್ತ ಪ್ರಾಣಿಯಲ್ಲಿ ಮಾತ್ರ ನೋಡಿದ್ದಳು.

"ಬಸ್ ಇಳಿದೆ. ಮೊದಲನೇ ಮರದಲ್ಲೇ ನಿನ್ನ ಕೈ ಕಾಣಿಸ್ತು" ಎಂದ ಅವನು, ನಗುತ್ತ. "ಚೂರಿಗೂ ಹಲ್ಲು ಕತ್ತರಿ ಹಾಕೋದು ನಾನು ಕಲಿಸಿದ್ದಲ್ವಾ? ಬೇರೆ ಯಾರು ಮಾಡ್ತಾರೆ ಈ ಹುಚ್ಚು! ಊರೂರು ಕೇಳಿದೆ, ಯಾರೂ ಹೇಳಲಿಲ್ಲ. ನೀನೇ ದಾರಿ ತೋರಿಸಿದೆ." ಆಮೇಲೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ. "ಬಾ ಮಗನೇ. ಅಪ್ಪ ಬಂದಿದ್ದೀನಿ."

ಯಾಕಪ್ಪ ತಾಯಿಯ ಸೀರೆಯ ನೆರಿಗೆಯೊಳಗೆ ಸೇರಿಕೊಂಡ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಅಕ್ಕ, ಹೋಗೋಣ" ಎಂದಳು ಸೂಜಿ. "ಅಕ್ಕ, ಈಗಲೇ ಹೋಗೋಣ."

ಅವನು ದೊಡ್ಡಕ್ಕನಿಗೆ ಕೈ ಮುಗಿದ. "ನೀವು ದೊಡ್ಡವರು, ನೀವೇ ಹೇಳಿ. ತಪ್ಪು ಮಾಡಿದೆ, ಒಪ್ಪಿಕೊಳ್ತೀನಿ. ಎಂಟು ತಿಂಗಳಾಯ್ತು ಮಗನ ಮುಖ ನೋಡಿ. ಎರಡು ಮಾತಾಡಿ ಹೋಗ್ತೀನಿ, ಅಷ್ಟೆ." ಅವನ ಕಣ್ಣಲ್ಲಿ ನೀರಿತ್ತು. ನಿಜವಾದ ನೀರೇ.

ದೊಡ್ಡಕ್ಕ ದಿನಕ್ಕೆ ನೂರು ಜನರನ್ನು ಸಂಭಾಳಿಸುವವಳು. ಕುಡಿದು ಬಂದವರನ್ನು ಕೂರಿಸಿ ನೀರು ಕೊಟ್ಟು ಕಳಿಸಿದವಳು. ಮಾತಿನಲ್ಲಿ ಮುಗಿಯುವುದಕ್ಕೆ ಓಟ ಯಾಕೆ ಎಂದುಕೊಂಡಳು. ಓಡಿದರೆ ಇವತ್ತು ತಪ್ಪಿಸಿಕೊಳ್ಳಬಹುದು, ನಾಳೆ? ಇದೇ ಅವಳು ಹಾಕಿದ ಲೆಕ್ಕ.

"ಎರಡು ಮಾತಾಡಿಬಿಡು" ಎಂದಳು. "ನಾನು ಇಲ್ಲೇ ಇಪ್ಪತ್ತು ಹೆಜ್ಜೇಲಿ ಇರ್ತೀನಿ. ಮಕ್ಕಳ ಎದುರಿಗೆ ಬೇಡ."

ಸೂಜಿ ಅವಳನ್ನು ನೋಡಿದ ನೋಟ ದೊಡ್ಡಕ್ಕನಿಗೆ ಆಗ ಅರ್ಥವಾಗಲಿಲ್ಲ. ದೊಡ್ಡಕ್ಕ ಎರಡೂ ಮಕ್ಕಳ ಕೈ ಹಿಡಿದು ಹತ್ತಿರದ ಒಂದು ಹುತ್ತದ ಆಚೆ ಕರೆದೊಯ್ದಳು. "ನೋಡ್ರೋ, ಇರುವೆಗಳು ಮಿಡತೆ ಹೊರ್ತಾ ಇವೆ. ಕಾಲು ಒಬ್ಬ, ರೆಕ್ಕೆ ಒಬ್ಬ ಎಳ್ಕೊಂಡು ಹೋಗ್ತಿದ್ದಾನೆ."

ಮೊದಲನೆಯ ಏಟಿನ ಸದ್ದು ಕೇಳಿದಾಗ ಮಿಡತೆಯ ಎರಡನೇ ಕಾಲು ಇನ್ನೂ ಕಿತ್ತುಬಂದಿರಲಿಲ್ಲ.

ಅದು ಕೆನ್ನೆಗೆ ಬಿದ್ದದ್ದಲ್ಲ, ಮುಷ್ಟಿ ಮೂಗಿಗೆ ಬಿದ್ದದ್ದು. ದೊಡ್ಡಕ್ಕ ತಿರುಗುವಷ್ಟರಲ್ಲಿ ಸೂಜಿ ಮಂಡಿಯ ಮೇಲೆ ಬಿದ್ದಿದ್ದಳು, ಅವನು ಅವಳ ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿ ನೀರಿನ ಕಡೆ ಎಳೆಯುತ್ತಿದ್ದ. ಮುಖದ ಮೇಲೆ ಸಿಟ್ಟಿರಲಿಲ್ಲ. ಬಟ್ಟೆಗೆ ಗೆರೆ ಎಳೆಯುವಾಗಿನ ಗಮನವಿತ್ತು. ಅವಳ ತಲೆಯನ್ನು ಕಲ್ಲಿಗೆ ಒಂದು ಸಲ ಬಡಿದ, ಅಳತೆ ಸರಿಬರಲಿಲ್ಲವೆಂಬಂತೆ ಮತ್ತೊಂದು ಸಲ ಬಡಿದ. ಆಮೇಲೆ ಅವಳನ್ನು ಬಿಟ್ಟು ನೇರವಾಗಿ ಮಕ್ಕಳ ಕಡೆ ಬಂದ.

"ನಿಲ್ಲು!" ದೊಡ್ಡಕ್ಕ ಅಡ್ಡ ಬಂದಳು. ಅವನು ಅವಳನ್ನು ಹೆಗಲಿನಿಂದ ನೂಕಿ, ಯಾಕಪ್ಪನ ಬಲಗೈ ಹಿಡಿದು ಎತ್ತಿಬಿಟ್ಟ. ಹುಡುಗ ಹುತ್ತವನ್ನು ಕಾಲಿನಿಂದ ತಬ್ಬಿಕೊಂಡು ಬಿಡಲೊಲ್ಲ. ಅಪ್ಪ ಜಗ್ಗಿದ.

'ಟಕ್' ಎಂದಿತು.

ಆ ಸದ್ದು ದೊಡ್ಡಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ದಿನಕ್ಕೆ ಎಷ್ಟೋ ಸಲ ಅದನ್ನು ತನ್ನ ಕೈಯಾರೆ ಮಾಡುವವಳು ಅವಳು. ಹೆಗಲ ಕೀಲು ಗೂಡಿನಿಂದ ಜಾರುವ ಸದ್ದು. ಹುಡುಗನ ಬಾಯಿ ತೆರೆದುಕೊಂಡಿತು, ಕೂಗು ಮಾತ್ರ ಬರಲು ತಡವಾಯಿತು.

ಎಂಟಾಣೆ ಅಲ್ಲ, ಹದಿನಾರಾಣೆ.

ಕೈಗೆ ಸಿಕ್ಕಿದ್ದು ತಲೆಗಾತ್ರದ ಕಲ್ಲು. ತಲೆಗೋ, ಕಾಲಿಗೋ ಎಂದು ಯೋಚಿಸಲು ಅರೆಗಳಿಗೆ ಸಿಕ್ಕಿತ್ತು ದೊಡ್ಡಕ್ಕನಿಗೆ. ಅದನ್ನು ಅವಳು ಮುಂದೆ ಯಾವತ್ತೂ ಮರೆಯಲಿಲ್ಲ. ಅವನು ಬೆನ್ನು ತಿರುಗಿಸಿ ಹುಡುಗನನ್ನು ಹೆಗಲಿಗೇರಿಸುತ್ತಿದ್ದ. ಅವಳು ಎರಡೂ ಕೈಯಲ್ಲಿ ಕಲ್ಲೆತ್ತಿ ಬಲಮಂಡಿಯ ಪಕ್ಕಕ್ಕೆ, ಚಿಪ್ಪು ಎಲ್ಲಿ ಸಡಿಲವೋ ಅಲ್ಲಿಗೇ ಹೊಡೆದಳು. ಕಾಲು ಮಡಚಬಾರದ ಕಡೆಗೆ ಮಡಚಿತು. ಅವನು ಬಿದ್ದ, ಹುಡುಗ ಅವನ ಮೇಲಿನಿಂದ ಉರುಳಿ ಮಣ್ಣಿಗೆ ಬಿದ್ದ.

"ಮೆಣಸೂ, ಯಾಕಪ್ಪನ್ನ ಎಳ್ಕೊಂಡು ಮರದ ಹಿಂದೆ ಹೋಗು! ಎಡಗೈ ಹಿಡಿ, ಬಲಗೈ ಮುಟ್ಟಬೇಡ!"

ಮಗಳು ಹೇಳಿದ ಹಾಗೆ ಮಾಡಿದಳೋ ಇಲ್ಲವೋ ಎಂದು ತಿರುಗಿ ನೋಡಿದ್ದೇ ತಪ್ಪಾಯಿತು. ಅವನು ಚರ್ಮದ ಚೀಲದಿಂದ ಕತ್ತರಿ ತೆಗೆದಿದ್ದ. ಕಟಿಂಗ್ ಮಾಸ್ಟರುಗಳ ಕೈಯಲ್ಲಿರುವ, ಒಂದಡಿ ಉದ್ದದ, ಹತ್ತು ಪದರ ಬಟ್ಟೆಯನ್ನು ಒಟ್ಟಿಗೆ ಸೀಳುವ ಕತ್ತರಿ. ಕೂತಲ್ಲಿಂದಲೇ ಬೀಸಿದ. ದೊಡ್ಡಕ್ಕನ ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೂ ತೆರೆದುಕೊಂಡಿತು. ನೋವು ಗೊತ್ತಾಗಲಿಲ್ಲ, ಬಿಳಿಯ ಕೊಬ್ಬು ಕಂಡಿತು. ನನ್ನೊಳಗೂ ಇದೇ ಇದೆಯಲ್ಲ ಎಂದುಕೊಂಡಳು, ಅಷ್ಟು ಹೊತ್ತಿನಲ್ಲೂ. ಅವನು ಅವಳ ಸೀರೆ ಹಿಡಿದು ಕೆಡವಿ, ಕತ್ತರಿಯನ್ನು ಎರಡನೇ ಸಲ ಎತ್ತಿದ.

ಆ ಏಟು ಬೀಳಲಿಲ್ಲ. ಅವನ ತಲೆಯ ಮೇಲೆ ಒಂದು ಚೀಲ ಇಳಿಯಿತು.

ಸೂಜಿ ಬಟ್ಟೆಚೂರಿನ ಚೀಲವನ್ನು ಅವನ ಮುಖದ ಮೇಲೆ ಎಳೆದು, ಅದರ ಬಾಯಿಯ ಲಾಡಿಯನ್ನು ಕುತ್ತಿಗೆಗೆ ಸುತ್ತಿ, ಬೆನ್ನಿನ ಮೇಲೆ ಮಂಡಿಯೂರಿ ಜಗ್ಗುತ್ತಿದ್ದಳು. ಅವಳ ಮೂಗು, ಬಾಯಿ, ರವಿಕೆಯೆಲ್ಲ ರಕ್ತ. ಅವನು ಕತ್ತರಿ ಬಿಟ್ಟು ಲಾಡಿಗೆ ಕೈಹಾಕಿದ. ಉಗುರು ಸೇರಿಸಲೂ ಜಾಗವಿರಲಿಲ್ಲ. ಬಾಯಿಯ ಜಾಗದಲ್ಲಿ ಬಟ್ಟೆ ಒಳಗೆ ಹೋಗುವುದು, ಹೊರಗೆ ಬರುವುದು, ಒಳಗೆ ಹೋಗುವುದು. ಚೆನ್ನಾಗಿದ್ದ ಕಾಲು ಮಣ್ಣನ್ನು ಕೆರೆಯುತ್ತಿತ್ತು.

ದೊಡ್ಡಕ್ಕ ಕತ್ತರಿಯನ್ನು ನೀರಿಗೆ ಒದ್ದಳು. ಇನ್ನು ಅವನಿಂದ ಏನೂ ಆಗುವಂತಿರಲಿಲ್ಲ. ಆದರೆ ಸೂಜಿ ಬಿಡಲಿಲ್ಲ.

"ಸಾಕು ಕಣೇ."

ಸೂಜಿಗೆ ಕೇಳಿಸಿದಂತಿರಲಿಲ್ಲ.

ಸಾಯಲಿ ಎಂದೇ ಮೊದಲು ಅನ್ನಿಸಿದ್ದು ದೊಡ್ಡಕ್ಕನಿಗೆ. ಅದರಲ್ಲಿ ಮುಚ್ಚುಮರೆ ಏನಿಲ್ಲ. ಬಟ್ಟೆಯ ಏರಿಳಿತ ನಿಧಾನವಾಗುವುದನ್ನು ನೋಡುತ್ತ, ಒಳ್ಳೆಯದೇ ಆಯಿತು ಎಂದುಕೊಂಡಳು. ಆಮೇಲೆ ಮರದ ಕಡೆ ಕಣ್ಣು ಹೋಯಿತು. ಮೆಣಸು ಯಾಕಪ್ಪನ ಕಣ್ಣನ್ನು ತನ್ನೆರಡು ಕೈಯಿಂದ ಮುಚ್ಚಿದ್ದಳು; ಅವಳ ಕಣ್ಣುಗಳು ಮಾತ್ರ ತೆರೆದಿದ್ದವು. ಇವನು ಸತ್ತರೆ ಸೂಜಿ ಜೈಲಿಗೆ. ಸೂಜಿ ಜೈಲಿಗೆ ಹೋದರೆ ಹುಡುಗ ಇವನ ಅಪ್ಪ ಅಮ್ಮನ ಮನೆಗೆ, ಇವನನ್ನು ಹೀಗೆ ಬೆಳೆಸಿದವರ ಕೈಗೆ. ಸತ್ತೂ ಗೆದ್ದುಬಿಡುತ್ತಾನೆ.

"ಬಿಡೇ! ಹುಡುಗ ಕೈತಪ್ಪಿ ಹೋಗ್ತಾನೆ, ಬಿಡು!"

"ನೀನು ಮಾತಾಡು ಅಂದೆ" ಎಂದಳು ಸೂಜಿ ಹಲ್ಲುಗಳ ನಡುವಿನಿಂದ. "ಮಾತಾಡ್ತಾ ಇದ್ದೀನಿ."

ದೊಡ್ಡಕ್ಕ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಒಂದು ಬಿಡಿಸಿದರೆ ಇನ್ನೊಂದು ಮುಚ್ಚಿಕೊಳ್ಳುತ್ತಿತ್ತು. ಕಡ್ಡಿಯಂಥವಳ ಕೈಯಲ್ಲಿ ಅಷ್ಟು ಬಲ! ಕೊನೆಗೆ ಎಡಗೈ ತೋರುಬೆರಳನ್ನು ಹಿಡಿದು, ಅದು ಹೊಲಿಗೆ ಯಂತ್ರದಲ್ಲಿ ಬಟ್ಟೆ ನಡೆಸುವ ಬೆರಳೆಂದು ಗೊತ್ತಿದ್ದೇ, ಹಿಂದಕ್ಕೆ ಮುರಿದಳು.

ಸೂಜಿ ಕಿರುಚಿದಳು. ಲಾಡಿ ಸಡಿಲಿತು. ಚೀಲದೊಳಗಿನಿಂದ ಉಸಿರು ಕೆರೆದುಕೊಂಡು ಒಳಹೋದ ಸದ್ದು ಬಂತು, ಒಂದು, ಇನ್ನೊಂದು.

ಅವನನ್ನು ಅಲ್ಲೇ ಬಿಟ್ಟರು. ಆ ಕಾಲಿನಲ್ಲಿ ಅವನು ಎಲ್ಲಿಗೂ ಹೋಗುವಂತಿರಲಿಲ್ಲ. ದೊಡ್ಡಕ್ಕ ಸೆರಗು ಹರಿದು ತನ್ನ ಕೈಗೆ ಬಿಗಿದಳು, ಇನ್ನೊಂದು ಪಟ್ಟಿಯಲ್ಲಿ ಯಾಕಪ್ಪನ ಕೈಯನ್ನು ಎದೆಗೆ ಸೇರಿಸಿ ಕಟ್ಟಿದಳು. ಅವನನ್ನು ಸೂಜಿ ಎತ್ತಿಕೊಂಡಳು. ನಡೆಯುತ್ತಲೇ ದೊಡ್ಡಕ್ಕ, ಅವನ ತಲೆಯಿಂದ ಕಳಚಿ ತಂದಿದ್ದ ಚೀಲದ ಲಾಡಿಯನ್ನು ತನ್ನ ಬಲ ಅಂಗೈಗೆ ಸುತ್ತಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಚರ್ಮ ಕೆಂಪೇರುವವರೆಗೆ ಜಗ್ಗಿದಳು.

"ಏನಮ್ಮ ಮಾಡ್ತಿದ್ದೀಯ?" ಎಂದಳು ಮೆಣಸು.

"ಕೇಳಿಸ್ಕೊಳ್ಳೇ" ಎಂದಳು ದೊಡ್ಡಕ್ಕ ಸೂಜಿಗೆ. "ಲಾಡಿ ಬಿಗಿದವಳು ನಾನು. ನಿನ್ನ ಬೆರಳು ಮುರಿದವನು ಅವನು. ಅವನ ತಲೆ ಚೀಲದೊಳಗಿತ್ತು, ಯಾರ ಕೈ ಅಂತ ನೋಡಿಲ್ಲ. ನನಗೆ ಮನೇಲಿ ಗಂಡ ಇದ್ದಾನೆ, ಅತ್ತೆ ಇದ್ದಾರೆ. ನಾಲ್ಕು ದಿನ ಒಳಗೆ ಹಾಕಿದ್ರೂ ಇವಳಿಗೆ ಅನ್ನ ಹಾಕೋರಿದ್ದಾರೆ. ನಿನ್ನ ಹುಡುಗನಿಗೆ ನೀನೊಬ್ಬಳೇ. ಗೊತ್ತಾಯ್ತಾ?"

ಸೂಜಿ ಹೆಜ್ಜೆ ಚುರುಕುಮಾಡಿದಳು. ಅವಳ ಮೂಗಿನಿಂದ ರಕ್ತ ತೊಟ್ಟಿಕ್ಕಿ ಮಗನ ಕೂದಲಿಗೆ ಬೀಳುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಹುಡುಗನ ಹೆಗಲನ್ನು ಗೂಡಿಗೆ ಕೂರಿಸಿದರು. ದೊಡ್ಡಕ್ಕನ ಕೈಗೆ ಇಪ್ಪತ್ತಮೂರು ಹೊಲಿಗೆ. ಅವನನ್ನು ಗಣಿಯಿಂದ ಎತ್ತಿಸಿ ಆಸ್ಪತ್ರೆಗೆ ಸೇರಿಸಿ ಬಂದ ಮಹಿಳಾ ಇನ್‌ಸ್ಪೆಕ್ಟರ್ ನೋಟ್‌ಬುಕ್ ಬಿಚ್ಚಿ, "ಕಾಲು ಮುರಿದದ್ದು?" ಎಂದರು.

"ನಾನು."

"ಕತ್ತು ಬಿಗಿದದ್ದು?"

"ಅದೂ ನಾನೇ ಮೇಡಂ" ಎಂದು ದೊಡ್ಡಕ್ಕ ಅಂಗೈ ತೋರಿಸಿದಳು.

"ಹೆಂಡತಿ ಅಂತ ಹೇಳ್ತಿದ್ದಾನೆ ಅವನು."

"ಅವನು ಯಾವಾಗಲೂ ಹೆಂಡತೀದೇ ತಪ್ಪು ಅಂತಾನೆ ಮೇಡಂ, ಅದೇ ಅವನ ಕಾಯಿಲೆ."

ಇನ್‌ಸ್ಪೆಕ್ಟರ್ ನಗಲಿಲ್ಲ. ದೊಡ್ಡಕ್ಕನ ಅಂಗೈ ನೋಡಿದರು, ಹೊಲಿಗೆ ಹಾಕಿದ ಇನ್ನೊಂದು ಕೈ ನೋಡಿದರು, ಪಕ್ಕದ ಬೆಂಚಿನಲ್ಲಿ ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಸೂಜಿಯನ್ನು ಬಹಳ ಹೊತ್ತು ನೋಡಿದರು. ಸೂಜಿ ತಲೆಯೆತ್ತಲಿಲ್ಲ. ಇಲ್ಲ ಎನ್ನಲೂ ಇಲ್ಲ. ಕೊನೆಗೆ ಇನ್‌ಸ್ಪೆಕ್ಟರ್ ಬರೆದುಕೊಂಡರು.

ಕತ್ತರಿ ನೀರಿನಿಂದ ಸಿಕ್ಕಿತು. ಹುಡುಗನ ಹೆಗಲಿನ ಎಕ್ಸ್‌ರೇ, ಸೂಜಿಯ ಕೈಯ ಹಳೆಯ ಸುಟ್ಟ ಗಾಯ, ಎಲ್ಲವೂ ಕಡತ ಸೇರಿದವು. ಅವನು ಆಸ್ಪತ್ರೆಯಿಂದ ನೇರ ಜೈಲಿಗೆ ಹೋದ. ಹುಡುಗ ತಾಯಿಯ ಹತ್ತಿರ ಎಂದು ನ್ಯಾಯಾಲಯ ಬರೆದುಕೊಟ್ಟಿತು. ದೊಡ್ಡಕ್ಕ ಆತ್ಮರಕ್ಷಣೆ ಎಂದು ಬಿಡುಗಡೆಯಾಗುವವರೆಗೆ ವಾರಕ್ಕೊಂದು ಸಲ ಠಾಣೆಗೆ ಹೋಗಿ ರುಜು ಹಾಕಿ ಬಂದಳು.

ಅವತ್ತಿನಿಂದ ಮೂರು ತಿಂಗಳು ಸೂಜಿ ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಠಾಣೆಯ ಜಗಲಿಯವರೆಗೂ ಜೊತೆಗೆ ಬರುವಳು, ಹೊರಗೆ ಕೂರುವಳು, ವಾಪಸು ಬರುವಳು. ತುಟಿ ಮಾತ್ರ ಹೊಲಿದುಕೊಂಡಂತೆ. ಎದುರು ಮನೆಯಿಂದ ಹೊಲಿಗೆ ಯಂತ್ರದ ಸದ್ದು ಮೊದಲಿನಂತೆ ಒಂದೇ ಓಟದಲ್ಲಿ ಬರುತ್ತಿರಲಿಲ್ಲ, ನಿಂತು ನಿಂತು ಬರುತ್ತಿತ್ತು. ಬೆರಳು ಸರಿಯಾಗಿ ಕೂಡಿರಲಿಲ್ಲ. ಮಾಂಸ ಕಡಿಯುತ್ತ ದೊಡ್ಡಕ್ಕ ಆ ತಡೆಗಳನ್ನು ಎಣಿಸುತ್ತಿದ್ದಳು. ಮೆಣಸು ಒಂದೊಂದು ರಾತ್ರಿ ಎದ್ದು ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ತಾಯಿ ಅವಳನ್ನು ಎದೆಗೊರಗಿಸಿಕೊಂಡು, ನೀನು ಸರಿಯಾಗೇ ಮಾಡಿದೆ ಎಂದಷ್ಟೇ ಹೇಳುತ್ತಿದ್ದಳು.

ಒಂದು ಭಾನುವಾರ ದೊಡ್ಡಕ್ಕ ಕೊರಡಿಗೆ ಉಪ್ಪು ತಿಕ್ಕುತ್ತಿದ್ದಾಗ ಸೂಜಿ ಅಂಗಡಿಯ ಮೆಟ್ಟಿಲ ಬಳಿ ಬಂದು ನಿಂತಳು. ಜೊತೆಗೆ ಯಾಕಪ್ಪ.

"ಮಕ್ಕಳು ಕೆರೆ ಕಡೆ ಹೋಗಬೇಕಂತೆ" ಎಂದಳು, ಗೋಡೆಗೆ ಹೇಳುವಂತೆ.

ದೊಡ್ಡಕ್ಕ ಉಪ್ಪಿನ ಕೈಯಲ್ಲೇ ನಿಂತಳು. "ನೀನು ಹೇಳಿದ್ದನ್ನ ನಾನು ಅರ್ಧ ಮಾತ್ರ ನಂಬಿದ್ದೆ ಕಣೇ. ಅದಕ್ಕೇ ಅವತ್ತು ಮಾತಾಡು ಅಂದದ್ದು. ಅರ್ಧ ಸುಳ್ಳು ಅಂದುಕೊಂಡಿದ್ದೆ."

"ಗೊತ್ತು" ಎಂದಳು ಸೂಜಿ. "ಅವತ್ತೇ ಗೊತ್ತಾಯ್ತು. ನನ್ನ ಹೆತ್ತಮ್ಮ ಕಾಲು ಭಾಗನೂ ನಂಬಿರಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ ನನಗೆ. ಇಳಿಯೋವರೆಗೂ ಕಾಯ್ತಾ ಕೂತರೆ ಇವರು ಬೆಳೆದುಬಿಡ್ತಾರೆ. ಕೈ ತೊಳ್ಕೊಂಡು ಬಾ."

ಕೆರೆಯ ದಾರಿಯಲ್ಲಿ ಒಂದು ಚರಂಡಿ ಇತ್ತು, ಮೇಲೆ ಒಂದೇ ಹಲಗೆ. ಸೂಜಿ ಮೆಣಸಿನ ಕೈ ಹಿಡಿದು ಮೊದಲು ದಾಟಿದಳು. ಆಚೆ ದಡದಲ್ಲಿ ನಿಂತು ಹಿಂತಿರುಗಿ ನೋಡಿ, "ಅವನ ಎಡಗೈ ಹಿಡ್ಕೋ ಅಕ್ಕ" ಎಂದಳು. "ಬಲ ಹೆಗಲು ಇನ್ನೂ ನೋಯುತ್ತೆ."